ಇಡ್ಲಿ ತಟ್ಟೆಯಲ್ಲಿ ಹುಣಿಸೆ ಬೀಜ

ಐದು ಹುಣಿಸೆ ಬೀಜ ಕೊಡು ಎಂದರೆ ಆ ಮಗು ನನ್ನ ಬೊಗಸೆ ತುಂಬಿ ಚೆಲ್ಲುವಷ್ಟು ಬೀಜ ಕೊಡುತ್ತಿತ್ತು. ಮೂರು ಕೊಡು ಎಂದರೆ ಅದಕ್ಕಿಂತ ಸ್ವಲ್ಪ ಕಡಿಮೆ. ಕೊಡುವ ಮೊದಲು ಚಾಪೆಯ ಮೇಲಿನ ಬೀಜದ ಗುಡ್ಡೆಯನ್ನು ಬೆರಳ ತುದಿಯಿಂದ ಮುಟ್ಟಿ ಕಣ್ಣಿಗೊತ್ತಿಕೊಳ್ಳುತ್ತಿತ್ತು. ಆಮೇಲೆ ತುಟಿ ಬಿಗಿಹಿಡಿದು ಬಾಚಿ ಬಾಚಿ ಸುರಿಯುತ್ತಿತ್ತು. "ಎಷ್ಟು ಕೊಟ್ಟೆ ಪುಟ್ಟಿ?" ಎಂದು ಕೇಳಿದರೆ ನನ್ನ ಮುಖವನ್ನೇ ನೋಡುತ್ತಿತ್ತೇ ಹೊರತು ಬಾಯಿ ಬಿಡುತ್ತಿರಲಿಲ್ಲ. ಆಟದ ಹೊತ್ತಿನಲ್ಲಿ ಅರಳು ಹುರಿದಂತೆ ಮಾತಾಡುವ ಹುಡುಗಿ, ಗುಡ್ಡೆಯ ಮುಂದೆ ಕೂತರೆ ಮೂಕಿ.

ತೊಂಬತ್ತರ ದಶಕದ ಕೊನೆಯ ಮಾತು ಇದು. ನಾನಾಗ ಕುಣಿಗಲ್ಲಿನ ಒಂದು ಕನ್ನಡ ನರ್ಸರಿ ಶಾಲೆಯಲ್ಲಿ ಯುಕೆಜಿ ಮಿಸ್ಸು. ಮನೆ ತುಮಕೂರಿನಲ್ಲಿ. ಬೆಳಿಗ್ಗೆ ಹೆಬ್ಬೂರಿನ ಮೇಲೆ ಹೋಗುವ ಬಸ್ಸು ಹಿಡಿದರೆ ಬೆಲ್ಲು ಹೊಡೆಯುವ ಹೊತ್ತಿಗೆ ಸರಿಯಾಗಿ ತಲುಪುತ್ತಿದ್ದೆ. ತರಗತಿಯಲ್ಲಿ ಅರ್ಧ ಪೇಟೆಯ ಮಕ್ಕಳು, ಅರ್ಧ ಸುತ್ತಲ ಹಳ್ಳಿಗಳಿಂದ ಟೆಂಪೋದಲ್ಲಿ ಬರುವ ಮಕ್ಕಳು. ಈ ಹುಡುಗಿ ಕೊತ್ತಗೆರೆ ಕಡೆಯ ಒಂದು ಹಳ್ಳಿಯದು, ರಾಗಿ ಬೆಳೆಯುವವರ ಮನೆಯದು.

ಹಾಗೆ ನೋಡಿದರೆ ನನ್ನ ತರಗತಿಯಲ್ಲಿ ಯಾರಿಗೂ ಲೆಕ್ಕ ಸರಿಯಾಗಿ ಬರುತ್ತಿರಲಿಲ್ಲ. ಒಂದರಿಂದ ನೂರರವರೆಗೆ ಎಲ್ಲರೂ ರಾಗವಾಗಿ ಹೇಳುತ್ತಿದ್ದರು. ಕೇಳಿದ ತಂದೆ ತಾಯಂದಿರು ಕಣ್ಣರಳಿಸುತ್ತಿದ್ದರು. ಆದರೆ ನೂರರವರೆಗೆ ಹೇಳುವುದು ಹಾಡು, ಎಣಿಸುವುದು ಬೇರೆಯೇ ಕೆಲಸ. ಎಣಿಸುವಾಗ ಒಂದು ವಸ್ತುವಿಗೆ ಒಂದೇ ಹೆಸರು ಹೇಳಬೇಕು, ಯಾವುದನ್ನೂ ಬಿಡಬಾರದು, ಯಾವುದನ್ನೂ ಎರಡು ಸಲ ಮುಟ್ಟಬಾರದು. ಕೊನೆಗೆ ಹೇಳಿದ ಹೆಸರೇ ಒಟ್ಟು ಎಷ್ಟು ಎಂಬುದಕ್ಕೆ ಉತ್ತರ ಎಂದು ಗೊತ್ತಿರಬೇಕು. ಈ ಕೊನೆಯದು ಹೇಳಿಕೊಡಬೇಕಾದ ವಿಷಯವೇ ಅಲ್ಲ ಎಂದು ದೊಡ್ಡವರಿಗೆ ಅನಿಸುತ್ತದೆ. ಆರು ಗುಂಡಿಗಳನ್ನು ಸರಿಯಾಗಿ ಎಣಿಸಿದ ಮಗುವನ್ನು "ಹಾಗಾದ್ರೆ ಎಷ್ಟು ಗುಂಡಿ?" ಎಂದು ಕೇಳಿ ನೋಡಿ. ಅದು ಮತ್ತೆ ಮೊದಲಿನಿಂದ ಎಣಿಸುತ್ತದೆ. ಮತ್ತೆ ಕೇಳಿದರೆ ಮತ್ತೆ ಎಣಿಸುತ್ತದೆ. ನಿಮಗೆ ಬೇಜಾರಾಗಬಹುದು, ಅದಕ್ಕೆ ಆಗುವುದಿಲ್ಲ.

ಉಳಿದ ಮಕ್ಕಳು ಇಂಥ ತಪ್ಪುಗಳನ್ನು ಮಾಡುತ್ತಿದ್ದರು. ಎಂಟರ ಬದಲು ಒಂಬತ್ತು ಕೊಡುತ್ತಿದ್ದರು, ಒಂದು ಬೀಜವನ್ನು ಎರಡು ಸಲ ಮುಟ್ಟುತ್ತಿದ್ದರು. ಅವು ನನಗೆ ಗೊತ್ತಿದ್ದ ತಪ್ಪುಗಳು. ಈ ಹುಡುಗಿಯದು ಯಾವ ಜಾತಿಯ ತಪ್ಪು ಎಂದೇ ತಿಳಿಯಲಿಲ್ಲ. ಒಂದೇ ಒಂದು ಸಲ, ನಾನು ತುಂಬ ಒತ್ತಾಯ ಮಾಡಿದಾಗ, ಬೀಜ ಸುರಿಯುತ್ತಾ ಬಾಯಿ ಬಿಟ್ಟು "ಲಾಭ" ಎಂದಿತು. ಅಷ್ಟೇ. ಪಕ್ಕದವರೆಲ್ಲ ಗೊಳ್ಳೆಂದು ನಕ್ಕರು. ಅಂದಿನಿಂದ ಅದೂ ನಿಂತಿತು.

ನಮ್ಮ ಹೆಡ್ ಮಿಸ್ ಶಿಸ್ತಿನವರು. ಗಂಜಿ ಹಾಕಿ ಇಸ್ತ್ರಿ ಮಾಡಿದ ಹತ್ತಿ ಸೀರೆ, ಕೈಯಲ್ಲಿ ಯಾವಾಗಲೂ ಚಾಕ್‌ಪೀಸು. ಬೈದರೂ ಅನ್ಯಾಯ ಮಾಡುವವರಲ್ಲ. ದೀಪಾವಳಿ ರಜೆ ಮುಗಿದ ಮೇಲೆ ಪ್ರತಿ ಮಗುವನ್ನೂ ತಾವೇ ಕೂರಿಸಿಕೊಂಡು ಪರೀಕ್ಷಿಸಿದರು. ಈ ಹುಡುಗಿಯ ಸರದಿ ಮುಗಿದ ಮೇಲೆ ನನ್ನನ್ನು ಆಫೀಸು ರೂಮಿಗೆ ಕರೆದರು.

"ನೋಡಮ್ಮಾ, ಈ ಮಗೂನ ನಮ್ಮಲ್ಲಿ ಇಟ್ಕೊಂಡು ಅದರ ಟೈಮ್ ಹಾಳು ಮಾಡೋದು ಪಾಪ. ಐದು ಕೊಡು ಅಂದ್ರೆ ಮಡಿಲು ತುಂಬ್ತಾಳೆ, ಮಾತೂ ಆಡಲ್ಲ. ತುಮಕೂರಲ್ಲಿ ಬುದ್ಧಿಮಾಂದ್ಯ ಮಕ್ಕಳ ಸ್ಕೂಲ್ ಇದೆ. ಅವರಮ್ಮನ್ನ ಕರೆಸಿ ನಿಧಾನಕ್ಕೆ ಹೇಳ್ಬಿಡೋಣ."

"ಮಾತಾಡ್ತಾಳೆ ಮೇಡಂ. ಆಯಾನ ಕೇಳಿ ಬೇಕಾದ್ರೆ. ಊರಿನ ಎಮ್ಮೆ ಹೆಸರೆಲ್ಲಾ ಹೇಳ್ತಾಳೆ."

"ಎಮ್ಮೆ ಹೆಸರು ಹೇಳಿದ್ರೆ ಒಂದನೇ ಕ್ಲಾಸಿಗೆ ಹಾಕಕ್ಕಾಗತ್ತಾ?"

ಕೋಪ ಬಂತು. ನನಗೆ ಮೊದಲಿನಿಂದಲೂ ಮೂಗಿನ ತುದಿಯಲ್ಲೇ ಕೋಪ. ಅದೃಷ್ಟಕ್ಕೆ ಅವತ್ತು ಬಾಯಿ ಮುಚ್ಚಿಕೊಂಡಿದ್ದೆ.

ಮಾರನೆಯ ವಾರ ತಾಯಿ ಬಂದರು. ಹೆಡ್ ಮಿಸ್ ಮೆತ್ತಗೆಯೇ ಹೇಳಿದರು. ಆದರೆ ಆ ಮಾತನ್ನು ಎಷ್ಟು ಮೆತ್ತಗೆ ಹೇಳಿದರೂ ಏಟು ಏಟೇ. ಆಕೆ ಸೆರಗು ಬಾಯಿಗೆ ಒತ್ತಿಕೊಂಡು ಕೇಳಿಸಿಕೊಂಡರು. ಹೊರಗೆ ಬಂದ ಮೇಲೆ ನನ್ನ ಕೈ ಹಿಡಿದುಕೊಂಡರು. "ನಮ್ ಮಗು ಪೆದ್ದಲ್ಲ ಕಣ್ರವ್ವಾ. ಮನೇಲಿ ಎಲ್ಲಾನೂವೆ ಮಾಡ್ತದೆ. ಆ ಸ್ಕೂಲಿಗೆ ಸೇರ್ಸಿದ್ರೆ ಊರೋರೆಲ್ಲಾ ಪೆದ್ದಿ ಪೆದ್ದಿ ಅಂತವ ಹೆಸ್ರಿಕ್ಕಿ ಬುಡ್ತಾರೆ. ಸಾಯೋಗಂಟ ಓಗಕಿಲ್ಲ ಆ ಹೆಸ್ರು."

ಅವರು ಹೇಳಿದ್ದು ಸರಿ. ಹಳ್ಳಿಯಲ್ಲಿ ಆ ಹೆಸರು ಒಮ್ಮೆ ಅಂಟಿದರೆ ಮದುವೆಯವರೆಗೂ, ಆಮೇಲೂ ಅಂಟಿಕೊಂಡೇ ಇರುತ್ತದೆ. ನಾನು ಹೆಡ್ ಮಿಸ್ ಹತ್ತಿರ ಹೋಗಿ ಶಿವರಾತ್ರಿಯವರೆಗೆ ಅವಕಾಶ ಕೇಳಿದೆ. ಅವರು ಕನ್ನಡಕ ತೆಗೆದು, "ಆಯ್ತು. ಆಮೇಲೆ ನಾನೇ ನೋಡ್ತೀನಿ. ಆಗ್ಲೂ ಇದೇ ಥರ ಆದ್ರೆ ಸುಮ್ನೆ ಹಟ ಮಾಡ್ಬಾರ್ದು ನೀನು" ಎಂದರು.

ಅವಕಾಶವೇನೋ ಸಿಕ್ಕಿತು. ಮಾಡುವುದೇನು ಎಂದು ಗೊತ್ತಿರಲಿಲ್ಲ. ತರಬೇತಿಯಲ್ಲಿ ಕಲಿಸಿದ್ದನ್ನೆಲ್ಲ ಮಾಡಿದೆ. ಹುಣಿಸೆ ಬೀಜದ ಬದಲು ಹೊಂಗೆ ಬೀಜ ತಂದೆ, ಅದೂ ಹಾಗೆಯೇ ಆಯಿತು. ಅವರೆಕಾಳು ತಂದೆ, ಹಾಗೆಯೇ. ಗುಡ್ಡೆ ಕಂಡರೆ ಸಾಕು, ಮುಟ್ಟಿ ಕಣ್ಣಿಗೊತ್ತಿಕೊಳ್ಳುವುದು, ತುಟಿ ಬಿಗಿಯುವುದು, ಬಾಚುವುದು. ನಾನು ಆ ಕೈಯನ್ನು ಹಿಡಿದು "ಒಂದು... ಎರಡು..." ಎಂದು ಒಂದೊಂದೇ ಬೀಜ ಎತ್ತಿಸಿದರೆ ಹಾಗೇ ಎತ್ತುತ್ತಿತ್ತು. ಕೈ ಬಿಟ್ಟ ಕೂಡಲೇ ಮತ್ತೆ ಹಿಡಿ ಹಿಡಿ.

ರಾಗಿ ಒಕ್ಕಣೆಯ ಕಾಲ ಬಂತು. ಒಂದು ಶುಕ್ರವಾರ ಮಗುವಿನ ತಾಯಿ ಶಾಲೆಯ ಗೇಟಿನ ಹತ್ತಿರ ನಿಂತಿದ್ದರು. "ನಾಳೀಕೆ ಮಗೀಗೆ ರಜಾ ಕೊಡಿ ಮಿಸ್ಸೋರೆ. ಕಣದಾಗೆ ರಾಶಿ ಐತೆ."

ನನಗೆ ಸಿಟ್ಟು ನೆತ್ತಿಗೇರಿತು. "ಏನಮ್ಮಾ ನೀವು! ನಾನಿಲ್ಲಿ ಈ ಮಗೂಗೋಸ್ಕರ ಹೆಡ್ ಮಿಸ್ ಹತ್ರ ಬೈಸ್ಕೊಂಡು ಒದ್ದಾಡ್ತಾ ಇದೀನಿ. ನೀವು ಇಷ್ಟು ಚಿಕ್ಕ ಮಗೂನ ಕಣದ ಕೆಲಸಕ್ಕೆ ಕರೀತೀರಾ?"

"ಕೆಲ್ಸುಕ್ಕಲ್ಲ ಕಣ್ರವ್ವಾ. ಕಲ್ಲಿಡಕ್ಕೆ."

"ಕಲ್ಲಿಡಕ್ಕೆ ಅಂದ್ರೆ?"

ಆಕೆಗೆ ಅದನ್ನು ವಿವರಿಸಲು ಬರಲಿಲ್ಲ. "ಬಂದು ನೋಡಿ ಬೇಕಾರೆ" ಎಂದು ನಕ್ಕರು. ಮಾರನೆಯ ದಿನ ಶನಿವಾರ, ಅರ್ಧ ದಿನದ ಶಾಲೆ. ಮಗುವಿಗೆ ರಜೆ ಕೊಟ್ಟು, ಬೆಲ್ಲು ಹೊಡೆದ ಮೇಲೆ ಮಕ್ಕಳ ಟೆಂಪೋವನ್ನೇ ಹತ್ತಿ ನಾನೂ ಹೋದೆ.

ಕಣ ಊರಾಚೆ, ಬೇಲಿಯ ಪಕ್ಕದಲ್ಲಿ ಸಗಣಿ ಸಾರಿಸಿದ ನೆಲ. ನಡುವೆ ತೂರಿ ಹಸನು ಮಾಡಿದ ಕೆಂಪು ರಾಗಿಯ ರಾಶಿ. ಅದರ ನೆತ್ತಿಯಲ್ಲಿ ಸಗಣಿಯ ಬೆನಕ, ಅದಕ್ಕೊಂದು ತುಂಬೆ ಹೂವು. ತಾಯಿ ನನ್ನ ಚಪ್ಪಲಿ ತೋರಿಸಿ ಆಚೆ ಬಿಡುವಂತೆ ಸನ್ನೆ ಮಾಡಿದರು. ನಾನು ಒಳಗೆ ಕಾಲಿಟ್ಟು, ಪೇಟೆಯವಳ ಅಭ್ಯಾಸದಂತೆ, "ಓಹೋ, ಈ ಸಲ ಎಷ್ಟು ಮೂಟೆ ಆಗ್ಬೋದು?" ಎಂದು ಬಾಯಿ ತೆಗೆದೆ. ಆಕೆ ನನ್ನ ತೋಳು ಚಿವುಟಿದರು.

"ಶ್! ರಾಶಿ ಮುಂದೆ ಮಾತಾಡ್ಬಾರ್ದು. ಎಷ್ಟು ಅಂತ್ಲೂ ಕೇಳ್ಬಾರ್ದು" ಎಂದು ಕಿವಿಯಲ್ಲಿ ಪಿಸುಗುಟ್ಟಿದರು.

ಹುಡುಗಿ ಅಲ್ಲೇ ಇತ್ತು. ತಾತನ ಪಕ್ಕ ಮಂಡಿ ಹಾಕಿ ಕೂತಿತ್ತು. ಮುಂದೆ ಒಂದು ಮೊರ, ಪಕ್ಕದಲ್ಲಿ ಬೆಣಚುಕಲ್ಲುಗಳು. ನನ್ನನ್ನು ನೋಡಿ ಕಣ್ಣಲ್ಲೇ ನಕ್ಕಿತು, ಬಾಯಿ ಬಿಡಲಿಲ್ಲ. ತಾತ ರಾಶಿಯನ್ನು ಮುಟ್ಟಿ ಕಣ್ಣಿಗೊತ್ತಿಕೊಂಡರು. ಮೊಮ್ಮಗಳೂ ಮುಟ್ಟಿ ಕಣ್ಣಿಗೊತ್ತಿಕೊಂಡಿತು. ಶಾಲೆಯ ಚಾಪೆಯ ಮೇಲೆ ದಿನಾ ನೋಡುತ್ತಿದ್ದದ್ದು ಇದನ್ನೇ.

ತಾತ ಕೊಳಗ ತುಂಬಿ, ಅಂಗೈಯಿಂದ ಮಟ್ಟ ಮಾಡಿ, ಮಗ ಹಿಡಿದಿದ್ದ ಚೀಲಕ್ಕೆ ಸುರಿದರು. ಸುರಿಯುತ್ತಾ "ಲಾ...ಭ" ಎಂದರು. ಹುಡುಗಿ ಮೊರದಲ್ಲಿ ಒಂದು ಕಲ್ಲಿಟ್ಟಿತು. ಎರಡನೆಯ ಕೊಳಗಕ್ಕೆ "ಎರಡೂ" ಎಂದರು. ಇನ್ನೊಂದು ಕಲ್ಲು. "ಮೂರೂ." ಮತ್ತೊಂದು. ಬೇರೆ ಯಾರೂ ಉಸಿರೆತ್ತಲಿಲ್ಲ. ರಾಶಿ ಅಳೆಯುವಾಗ ಮೊದಲನೆಯದನ್ನು ಒಂದು ಎನ್ನುವುದಿಲ್ಲ, ಲಾಭ ಎನ್ನುತ್ತಾರೆ ಎಂದು ನಮ್ಮಜ್ಜಿಯ ಬಾಯಲ್ಲಿ ಕೇಳಿದ್ದೆ. ಕೇಳಿ ಮರೆತಿದ್ದೆ. ಅಳತೆ ಮುಗಿದ ಮೇಲೆ ತಾತ ಮೊಮ್ಮಗಳ ಕಡೆ ನೋಡಿದರು. ಅದು ಕಲ್ಲುಗಳನ್ನು ಒಂದೊಂದಾಗಿ ಮುಟ್ಟುತ್ತಾ ಹೋಗಿ, ಕೊನೆಗೆ ತಾತನ ಕಿವಿಯಲ್ಲಿ ಹೇಳಿತು. ತಾತ ಅದನ್ನು ಗಟ್ಟಿಯಾಗಿ ಹೇಳಿ ರಾಶಿಗೆ ಕೈ ಮುಗಿದರು. ನಾನೂ ಬೆರಳು ಮಡಚಿ ಲೆಕ್ಕ ಇಟ್ಟಿದ್ದೆ. ಎರಡೂ ತಾಳೆಯಾಯಿತು.

ಬುದ್ಧಿಮಾಂದ್ಯ ಎಂದು ನಾವು ಸಂಶಯಪಟ್ಟಿದ್ದ ಮಗು ಇದು. ಕಣದ ಅಂಚಿನಲ್ಲಿ ನಿಂತು ನಾನು ಬಿಕ್ಕಿ ಬಿಕ್ಕಿ ಅತ್ತುಬಿಟ್ಟೆ. ರಾಶಿಯ ಧೂಳು ಕಣ್ಣಿಗೆ ಬಿತ್ತೇನೋ ಎಂದುಕೊಂಡು ತಾಯಿ ನೀರು ತರಲು ಓಡಿದರು.

ರಾಗಿ ಮುದ್ದೆ, ಅವರೆಕಾಳು ಸಾರಿನ ಊಟವಾದ ಮೇಲೆ ಹುಡುಗಿಯ ಮುಂದೆ ಒಂದು ಮುಷ್ಟಿ ಅವರೆಕಾಳು ಹರವಿ, "ಐದು ಕೊಡವ್ವಾ" ಎಂದೆ. ಅದು ಎಳೆಯ ಕೈಯಿಂದ ಬಾಚಿ ಬಾಚಿ ಕೊಟ್ಟಿತು. ಈ ಸಲ ನಾನು ಕಾಳನ್ನು ನೋಡದೆ ಕೈಯನ್ನು ನೋಡಿದೆ. ಐದು ಹಿಡಿ. ಸರಿಯಾಗಿ ಐದು. "ಮೂರು ಕೊಡು" ಎಂದೆ. ಮೂರು ಹಿಡಿ. ಇಷ್ಟು ದಿನ ಅದು ಕೇಳಿದ್ದಷ್ಟನ್ನೇ ಕೊಡುತ್ತಿತ್ತು. ಕೊಟ್ಟದ್ದನ್ನು ನೋಡಲು ನಮಗೆ ಗೊತ್ತಿರಲಿಲ್ಲ.

"ಮನೇಲಿ ಕಾಳು ಒಂದೊಂದಾಗಿ ಎಣಿಸೋದೇ ಇಲ್ವೇನಮ್ಮಾ?" ಎಂದು ತಾಯಿಯನ್ನು ಕೇಳಿದೆ.

"ಕಾಳ್ನ ಯಾರಾನ ಎಣಿಸ್ತಾರಾ ಮಿಸ್ಸೋರೆ? ಅಳೀತಾರೆ" ಎಂದು ಆಕೆ ನನ್ನನ್ನೇ ಅನುಮಾನದಿಂದ ನೋಡಿದರು.

ಕಾರಣ ತಿಳಿದರೆ ಕೆಲಸ ಮುಗಿದಂತೆ ಎಂದುಕೊಂಡು ಬಸ್ಸಿನ ದಾರಿಯುದ್ದಕ್ಕೂ ಹಿಗ್ಗಿದೆ. ಮುಗಿದಿರಲಿಲ್ಲ. ಸೋಮವಾರ ಹುಡುಗಿಯನ್ನು ಕೂರಿಸಿಕೊಂಡು ಬಿಡಿಸಿ ಹೇಳಿದೆ: "ಪುಟ್ಟಿ, ಇದು ರಾಶಿ ಅಲ್ಲ, ಬೀಜ. ಇಲ್ಲಿ ಲಾಭ ಅನ್ಬಾರ್ದು, ಒಂದು ಅನ್ಬೇಕು." ಗುಡ್ಡೆ ಮುಂದೆಯೇ ಇತ್ತು. ಮಗು ಗುಡ್ಡೆಯನ್ನೂ ನನ್ನನ್ನೂ ನೋಡಿತು. ಕಣ್ಣಲ್ಲಿ ನೀರು ತುಂಬಿಕೊಂಡಿತೇ ಹೊರತು ಒಂದು ಎನ್ನಲಿಲ್ಲ. ತಾತ ಮಾಡಬಾರದು ಎಂದದ್ದನ್ನು ಮಿಸ್ಸು ಮಾಡು ಎಂದರೆ ಐದು ವರ್ಷದ ಮಗು ಏನು ಮಾಡೀತು? ಅವತ್ತು ಅದು ಆಟದ ಹೊತ್ತಿನಲ್ಲೂ ಮಾತಾಡಲಿಲ್ಲ.

ಎರಡು ದಿನ ಯೋಚಿಸಿ ನಾನೊಂದು ತೀರ್ಮಾನಕ್ಕೆ ಬಂದೆ. ಮಗುವಿಗೆ ಗೊತ್ತಿರುವುದನ್ನು ಕಿತ್ತುಹಾಕಬಾರದು. ಅದರ ಪಕ್ಕದಲ್ಲಿ ಇನ್ನೊಂದನ್ನು ನಡಬೇಕು. ಲಾಭ ಇರಲಿ. ಗುಡ್ಡೆ ಬೇಡ. ಬೀಜ ಬಿಡಿಬಿಡಿಯಾಗಿ ಕಾಣಬೇಕು, ಒಂದಕ್ಕೆ ಒಂದು ಜಾಗ ಇರಬೇಕು. ಇನ್ನೂ ದೊಡ್ಡ ತೀರ್ಮಾನವೆಂದರೆ, ಸ್ಲೇಟಿನಲ್ಲಿ ನೂರರವರೆಗೆ ಬರೆಸುವುದನ್ನು ಇಡೀ ತರಗತಿಗೇ ಸದ್ಯಕ್ಕೆ ನಿಲ್ಲಿಸಿದೆ. ಆ ಒಂದು ಗಂಟೆ ಇದಕ್ಕೇ ಬೇಕಿತ್ತು. ಹೆಡ್ ಮಿಸ್‌ಗೆ ಹೇಳಲಿಲ್ಲ. ಹೇಳಿದ್ದರೆ ಬೇಡ ಎನ್ನುತ್ತಿದ್ದರು.

ಒಂದಕ್ಕೊಂದು ಜಾಗ ಎಂದಾಗ ನನಗೆ ಮೊದಲು ಹೊಳೆದದ್ದು ಅಂಗಡಿಯಲ್ಲಿ ಮೊಟ್ಟೆ ಇಡುವ ರಟ್ಟಿನ ಟ್ರೇ. ಬಸ್ ಸ್ಟ್ಯಾಂಡಿನ ಪಕ್ಕದ ಅಂಗಡಿಯಿಂದ ಕೇಳಿ ತಂದೆ. ನಮ್ಮ ಆಯಾ, ಶಾಲೆ ಶುರುವಾದ ದಿನದಿಂದ ಇದ್ದವರು, ಬಾಗಿಲಲ್ಲೇ ತಡೆದರು.

"ಅದೇನದು? ಮೊಟ್ಟೆದಾ?"

"ಖಾಲಿ ಇದೆ ಕಣಮ್ಮಾ. ರಟ್ಟು ಅಷ್ಟೆ."

"ಖಾಲಿನೋ ತುಂಬಿದ್ದೋ. ಸ್ಕೂಲ್ ಕಮಿಟಿ ಸೆಕ್ರೆಟರಿ ಕಂಡ್ರೆ ನಿಮ್ಮುನ್ನೂ ನನ್ನುನ್ನೂ ಒಟ್ಗೆ ಮನೇಗ್ ಕಳಿಸ್ತಾರೆ. ಸರಸ್ವತಿ ಪಟದ ಮುಂದೆ ಮೊಟ್ಟೆ ಟ್ರೇ! ತಗಂಡೋಗಿ ಆಚೆಗೆ."

ಟ್ರೇ ಆಚೆಗೆ ಹೋಯಿತು. ಆ ಭಾನುವಾರ ತುಮಕೂರಿನ ಮನೆಯಲ್ಲಿ ಅಮ್ಮ ಇಡ್ಲಿ ಹುಯ್ಯುತ್ತಿದ್ದಳು. ಗುಳಿಗೊಂದು ಸೌಟು, ಗುಳಿಗೊಂದು ಸೌಟು. ನಾನು ಕಾಫಿ ಲೋಟ ಕೆಳಗಿಟ್ಟು ನೋಡುತ್ತಾ ಕೂತೆ. ಕ್ಯಾತ್ಸಂದ್ರದಲ್ಲಿ ತಟ್ಟೆ ಇಡ್ಲಿ ಹೋಟೆಲು ಇಟ್ಟಿದ್ದ ಅತ್ತೆಯ ಹತ್ತಿರ ಬೇಕಾದಷ್ಟು ತಟ್ಟೆಗಳಿದ್ದವು. ಆದರೆ ಆ ತಟ್ಟೆಗೆ ಒಂದೇ ಇಡ್ಲಿ, ಅದರಿಂದ ನನಗೇನೂ ಪ್ರಯೋಜನವಿಲ್ಲ. ನನಗೆ ಬೇಕಾದದ್ದು ನಮ್ಮ ಮನೆಯ ಹಳೆಯ ಸ್ಟ್ಯಾಂಡಿನದು, ತಟ್ಟೆಗೆ ನಾಲ್ಕು ಗುಳಿಯದು. ಅಮ್ಮನಿಗೆ ಹೇಳಿದೆ.

"ಇಡ್ಲಿ ತಟ್ಟೇಲಿ ಲೆಕ್ಕ ಹೇಳ್ಕೊಡ್ತೀಯಾ? ನಾಳೆಯಿಂದ ನಿಮ್ಮಪ್ಪಂಗೆ ಸ್ಲೇಟ್ ಮೇಲೆ ಇಡ್ಲಿ ಹುಯ್ಲಾ?" ಎಂದು ಬೈದಳು. ಬೈಯುತ್ತಲೇ ತಟ್ಟೆಗಳನ್ನು ಹುಣಿಸೆಹಣ್ಣು ಹಾಕಿ ತಿಕ್ಕಿ, ಚೀಲಕ್ಕೆ ಹಾಕಿಕೊಟ್ಟಳು. ಸಾಲದೆ ಪಕ್ಕದ ಮನೆಯಿಂದಲೂ ಇಸಕೊಂಡು ಬಂದಳು.

ತಟ್ಟೆ ಕಂಡ ಮಕ್ಕಳಿಗೆ ಸಂಭ್ರಮವೋ ಸಂಭ್ರಮ. ಮಿಸ್ಸು ಇಡ್ಲಿ ಮಾಡುತ್ತಾರೆ ಎಂದು ಕುಣಿದರು. ನಾನು ಬೀಜದ ಡಬ್ಬಿಯನ್ನು ನನ್ನ ಮಡಿಲಲ್ಲೇ ಮುಚ್ಚಿಟ್ಟುಕೊಂಡೆ, ಯಾರಿಗೂ ಗುಡ್ಡೆ ಕಾಣದಂತೆ. ಒಬ್ಬೊಬ್ಬರ ಅಂಗೈಗೆ ಒಂದೇ ಒಂದು ಬೀಜ ಕೊಡುತ್ತಿದ್ದೆ. ಅದನ್ನು ಗುಳಿಗೆ ಹಾಕಿದ ಮೇಲೆ ಇನ್ನೊಂದು. ನಿಯಮ ಒಂದೇ: ಒಂದು ಗುಳಿಗೆ ಒಂದು ಇಡ್ಲಿ.

ಹುಡುಗಿಗೆ ಅದರದೇ ಕಣದ ಕ್ರಮ ಇಟ್ಟೆ. ತಾತನಂತೆ ನಾನು ಹೇಳುವುದು, ಅದು ಮಾತಾಡದೆ ಬೀಜ ಇಡುವುದು. ನಾನು "ಲಾಭ" ಎಂದೆ. ಮಗು ತಲೆ ಎತ್ತಿ ನೋಡಿತು. ಆ ನೋಟ ಇವತ್ತಿಗೂ ನನ್ನ ಕಣ್ಣಿಗೆ ಕಟ್ಟಿದ ಹಾಗಿದೆ. ಬೀಜ ಇಟ್ಟಿತು. "ಎರಡು" ಎಂದೆ, ಇಟ್ಟಿತು. "ಮೂರು." "ನಾಲ್ಕು." ತಟ್ಟೆ ತುಂಬಿತು. "ಎಷ್ಟು ಇಡ್ಲಿ?" ಎಂದೆ. ಬಗ್ಗಿ ನನ್ನ ಕಿವಿಗೆ ಬಾಯಿಟ್ಟು "ನಾಕು" ಎಂದಿತು. ಉಳಿದವರಂತೆ ಮತ್ತೆ ಮೊದಲಿನಿಂದ ಎಣಿಸಲಿಲ್ಲ. ಕೊನೆಯ ಹೆಸರೇ ಉತ್ತರ ಎಂಬುದು ಅದಕ್ಕೆ ಆಗಲೇ ಗೊತ್ತಿತ್ತು. ಮೊರದಲ್ಲಿನ ಕಲ್ಲು ಅದನ್ನು ಕಲಿಸಿತ್ತು.

ಕೆಲವು ದಿನಗಳ ಮೇಲೆ ಪಾತ್ರ ಬದಲಿಸಿದೆವು. ಹೇಳುವುದು ಅದು, ಇಡುವುದು ನಾನು. ನಾನು ಬೇಕೆಂದೇ ಒಂದು ಗುಳಿ ಬಿಟ್ಟು ಮುಂದೆ ಹೋದರೆ ನನ್ನ ಕೈ ಮೇಲೆ ಒಂದು ಏಟು. ತಟ್ಟೆಗೆ ಇನ್ನೊಂದು ತಟ್ಟೆ ಸೇರಿಸಿದೆವು. ಎರಡು ಗುಳಿ ಖಾಲಿ ಬಿಟ್ಟು, ಎಷ್ಟು ತುಂಬಿದೆ, ಇನ್ನೆಷ್ಟು ಬೇಕು ಎಂದು ಕೇಳಿದೆ. ಆಮೇಲೆ ತಟ್ಟೆ ತೆಗೆದು ಸ್ಲೇಟಿನ ಮೇಲೆ ಸೊನ್ನೆಗಳನ್ನು ಬರೆದು ಅವುಗಳೊಳಗೆ ಇಡಿಸಿದೆ. ಹುಡುಗಿ ಗಟ್ಟಿಯಾಗಿ ಹೇಳತೊಡಗಿತು.

ಆದರೆ ಒಂದು ಎಡವಟ್ಟಾಯಿತು. "ಲಾಭ" ಎನ್ನುವುದು ಉಳಿದ ಮಕ್ಕಳಿಗೆ ವಿಪರೀತ ಹಿಡಿಸಿಬಿಟ್ಟಿತು. ಒಂದು ದಿನ ಇಡೀ ತರಗತಿ, ಪೇಟೆಯ ಮಕ್ಕಳೂ ಸೇರಿ, ಇಡ್ಲಿ ತಟ್ಟೆ ಬಡಿಯುತ್ತಾ "ಲಾಭ! ಎರಡು! ಮೂರು!" ಎಂದು ಒಂದೇ ದನಿಯಲ್ಲಿ ಕೂಗುತ್ತಿತ್ತು. ಬಾಗಿಲಲ್ಲಿ ಹೆಡ್ ಮಿಸ್.

"ಏನಿದು? ಇದು ನರ್ಸರಿನೋ ರಾಗಿ ಮಂಡಿನೋ?"

ಮಕ್ಕಳು ಗಪ್‌ಚುಪ್. ಅವರು ಸ್ಲೇಟುಗಳನ್ನು ನೋಡಿದರು. ಎಲ್ಲೂ ನೂರರವರೆಗೆ ಬರೆದದ್ದಿಲ್ಲ, ಬರೀ ಸೊನ್ನೆಗಳು. ಆಫೀಸು ರೂಮಿನಲ್ಲಿ ನನಗೆ ಚೆನ್ನಾಗಿ ಮಂಗಳಾರತಿಯಾಯಿತು. ಈ ಸಲ ನಾನೂ ಬಾಯಿ ಮುಚ್ಚಲಿಲ್ಲ. ಕಣ, ಕೊಳಗ, ಮೊರದ ಕಲ್ಲು, ಐದು ಹಿಡಿ, ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿದೆ.

"ಸರಿ," ಎಂದರು ಹೆಡ್ ಮಿಸ್. "ನೀನು ಹೇಳೋದು ನಿಜವೇ ಇರ್ಬೋದು. ಆದ್ರೆ ಮುಂದೆ ಒಂದನೇ ಕ್ಲಾಸಿನ ಮೇಷ್ಟ್ರು ಕಣಕ್ಕೆ ಹೋಗಿ ನೋಡ್ಕೊಂಡು ಬರಲ್ಲ. ಆ ಮಗು ಎಲ್ಲಾರ ಮುಂದೆ ಒಂದು ಅಂತ ಶುರು ಮಾಡ್ಬೇಕು. ನಾನು ಗುಡ್ಡೆ ಹಾಕ್ಕೊಂಡೇ ಕೇಳೋಳು, ಇಡ್ಲಿ ತಟ್ಟೇಲಿ ಅಲ್ಲ."

ಅವತ್ತು ಉರಿಯಿತು. ಬಸ್ಸಿನಲ್ಲಿ ಹೆಬ್ಬೂರು ದಾಟುವ ಹೊತ್ತಿಗೆ ಅವರ ಮಾತು ಸರಿ ಅನಿಸಿತು. ನಾನು ಹುಡುಗಿಯನ್ನು ಗುಡ್ಡೆಯಿಂದ ಬಚ್ಚಿಟ್ಟಿದ್ದೆ. ಬಚ್ಚಿಟ್ಟರೆ ದಾಟಿದಂತಾಗುವುದಿಲ್ಲ.

ಮಾರನೆಯ ದಿನ ತರಗತಿಯಲ್ಲಿ ಎರಡು ಮೂಲೆ ಮಾಡಿದೆ. ಒಂದು ಅಳೆಯುವ ಮೂಲೆ: ಅಲ್ಲಿ ಗುಡ್ಡೆ, ತೆಂಗಿನ ಚಿಪ್ಪು, ಔಷಧಿ ಬಾಟಲಿಯ ಮುಚ್ಚಳ. ಅಲ್ಲಿ ಲಾಭ ಎಂದೇ ಶುರು. ಇನ್ನೊಂದು ಎಣಿಸುವ ಮೂಲೆ: ಅಲ್ಲಿ ತಟ್ಟೆ, ಬಳೆ, ಚಪ್ಪಲಿ ಜೊತೆ, ಮಕ್ಕಳ ತಲೆಗಳು. ಅಲ್ಲಿ ಒಂದು ಎಂದೇ ಶುರು. "ನಿಮ್ಮೂರಲ್ಲಿ ಕುರಿ ಎಷ್ಟಿದೆ ಅಂತ ತಾತ ಹೇಗೆ ನೋಡ್ತಾರೆ, ಕೊಳಗದಲ್ಲಿ ಅಳೀತಾರಾ?" ಎಂದು ಕೇಳಿದೆ. ಹುಡುಗಿ ಬಿದ್ದು ಬಿದ್ದು ನಕ್ಕಿತು. "ಕುರಿ ಕೊಳಗುದಾಗೆ ಇಡೀತದಾ ಮಿಸ್?" ಅಲ್ಲಿಂದ ದಾರಿ ತೆರೆಯಿತು. ಗುಡ್ಡೆಯ ಬೀಜವನ್ನೇ ಒಂದು ಮುಚ್ಚಳ ಅಳೆಯುವುದು, ಆ ಮುಚ್ಚಳದೊಳಗೆ ಬೀಜ ಎಷ್ಟು ಎಂದು ಎಣಿಸುವುದು. ಎರಡು ಮೂಲೆಗಳ ನಡುವೆ ಮಕ್ಕಳು ಓಡಾಡುತ್ತಿದ್ದರು. ಹುಡುಗಿ ಕೆಲವು ದಿನ ತಡವರಿಸಿತು. ಒಂದೊಂದು ದಿನ ಕಲಿತದ್ದೆಲ್ಲ ನೀರಲ್ಲಿ ಹೋಮ ಮಾಡಿದಂತಾಗುತ್ತಿತ್ತು. ಆಯಾ ಮಾತ್ರ ಕಸ ಗುಡಿಸುತ್ತಾ ಹುರುಪು ಕೊಡುತ್ತಿದ್ದರು. "ಬುಡಿ ಮಿಸ್, ಕಲೀತದೆ. ಕಲೀದೇ ಎಲ್ಲೋಗ್ತದೆ."

ಶಿವರಾತ್ರಿ ಕಳೆಯಿತು. ಹೇಳಿದ್ದಂತೆ ಹೆಡ್ ಮಿಸ್ ತಾಯಿಯನ್ನೂ ಕರೆಸಿದರು. ಆಫೀಸು ರೂಮಿನ ನೆಲದ ಮೇಲೆ ಚಾಪೆ ಹಾಸಿ ಹುಣಿಸೆ ಬೀಜದ ದೊಡ್ಡ ಗುಡ್ಡೆ ಸುರಿದರು. ತಾಯಿ ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದರು. ನಾನು ಗೋಡೆಗೊರಗಿದ್ದೆ.

ಹುಡುಗಿ ಕೂತಿತು. ಗುಡ್ಡೆಯನ್ನು ಮುಟ್ಟಿ ಕಣ್ಣಿಗೊತ್ತಿಕೊಂಡಿತು. ತುಟಿ ಬಿಗಿಯಿತು.

"ಐದು ಕೊಡು ಪುಟ್ಟಿ" ಎಂದರು ಹೆಡ್ ಮಿಸ್.

ಗುಡ್ಡೆಯ ಕಡೆ ಚಾಚಿದ ಮಗುವಿನ ಕೈ ಅರ್ಧದಲ್ಲೇ ನಿಂತಿತು. ತಾಯಿಯ ಬಾಯಿಂದ "ಸಿವನೇ" ಎಂಬ ಸಣ್ಣ ದನಿ ಹೊರಟಿತು. ಹೆಡ್ ಮಿಸ್ ಇನ್ನೊಮ್ಮೆ ಕೇಳಲು ಬಾಯಿ ತೆರೆಯುವಷ್ಟರಲ್ಲಿ ಹುಡುಗಿ ತಲೆ ಎತ್ತಿ ಅವರನ್ನೇ ಕೇಳಿತು.

"ಕಾಳ್ ಐದಾ ಮಿಸ್, ಅಳ್ತೆ ಐದಾ?"

"ಏನಂದೆ?"

"ಕಾಳ್ ಐದು ಬೇಕಾ, ಅಳ್ತೆ ಐದು ಬೇಕಾ?"

ಹೆಡ್ ಮಿಸ್ ಕನ್ನಡಕ ತೆಗೆದರು. ಸೀರೆಯ ಸೆರಗಿನಲ್ಲಿ ಒರೆಸಿದರು, ಮತ್ತೆ ಹಾಕಿಕೊಂಡರು. "ಕಾಳು" ಎಂದರು. ಹುಡುಗಿ ಒಂದೊಂದೇ ಬೀಜ ಎತ್ತಿ ಅವರ ಅಂಗೈಯಲ್ಲಿಟ್ಟಿತು. "ಒಂದು. ಎರಡು. ಮೂರು. ನಾಕು. ಐದು." ಕೈ ಹಿಂದಕ್ಕೆ ತೆಗೆದುಕೊಂಡಿತು.

"ಅಳತೆ ಐದು ಅಂದಿದ್ರೆ?"

ಹುಡುಗಿ ಸುತ್ತ ನೋಡಿತು. ಮೇಜಿನ ಮೇಲೆ ಹೆಡ್ ಮಿಸ್ಸಿನ ಕಾಫಿ ಲೋಟ ಖಾಲಿಯಾಗಿತ್ತು. ಎದ್ದು ಹೋಗಿ ಅದನ್ನು ತಂದು, ಬೀಜ ತುಂಬಿ, ಪುಟ್ಟ ಅಂಗೈಯಿಂದ ಮಟ್ಟ ಮಾಡಿ, ಚಾಪೆಯ ಇನ್ನೊಂದು ಮೂಲೆಗೆ ಸುರಿಯುತ್ತಾ ತಾತನ ದನಿಯಲ್ಲೇ "ಲಾ...ಭ" ಎಂದಿತು. ಬಾಗಿಲಲ್ಲಿ ತಾಯಿ ಕುಸಿದು ಕೂತು ಅಳುತ್ತಿದ್ದರು. ನಾನೂ ಅಳುತ್ತಿದ್ದೆ. ಹೊರಗಿನಿಂದ ಆಯಾ ಮೂಗು ಸೀಟುವ ಸದ್ದು ಕೇಳಿಸುತ್ತಿತ್ತು.

ಹೆಡ್ ಮಿಸ್ ತಾಯಿಯನ್ನು ಎಬ್ಬಿಸಿ ಕುರ್ಚಿಯಲ್ಲಿ ಕೂರಿಸಿದರು. "ಅಳಬೇಡಿ. ಇಷ್ಟು ವರ್ಷದಲ್ಲಿ ನಾನು ಕೇಳೋ ಪ್ರಶ್ನೆ ಸರಿ ಇದೆಯಾ ಅಂತ ಯಾವ ಮಗೂನೂ ನನ್ನ ಕೇಳಿರಲಿಲ್ಲ" ಎಂದರು. ಹುಡುಗಿಯನ್ನು ಎಲ್ಲರ ಜೊತೆ ಒಂದನೇ ತರಗತಿಗೆ ಕಳಿಸಿದರು.

ಯುಗಾದಿಗೆ ಮುಂಚೆ ತಾಯಿ ಒಂದು ಚೀಲ ರಾಗಿಹಿಟ್ಟು ತಂದುಕೊಟ್ಟರು. ಅಮ್ಮ ಅದರಲ್ಲಿ ಎಷ್ಟೋ ದಿನ ಮುದ್ದೆ ಮಾಡಿದಳು. ಪ್ರತಿ ಸಲವೂ ತನ್ನ ಇಡ್ಲಿ ತಟ್ಟೆಯ ಪ್ರತಾಪವನ್ನು ಹೇಳದೆ ಬಡಿಸುತ್ತಿರಲಿಲ್ಲ. ಆ ಮಗುವಿಗೆ, ಆ ತಾತನಿಗೆ, ಬಾಗಿಲಲ್ಲೇ ತಡೆದ ಆಯಾಗೆ ನಾನು ಋಣಿ. ಎಲ್ಲರಿಗಿಂತ ಹೆಚ್ಚಾಗಿ ಹೆಡ್ ಮಿಸ್‌ಗೆ. ಗುಡ್ಡೆಯನ್ನು ತಪ್ಪಿಸಲು ಅವರು ಬಿಟ್ಟಿದ್ದರೆ ನಾನು ತಪ್ಪಿಸಿಯೇ ಬಿಡುತ್ತಿದ್ದೆ. ಆಗ ಆ ಪ್ರಶ್ನೆ ಹುಡುಗಿಯ ಬಾಯಿಗೆ ಬರುತ್ತಲೇ ಇರಲಿಲ್ಲ.

ಜೂನ್ ತಿಂಗಳಲ್ಲಿ ಹೊಸ ಮಕ್ಕಳು ಬಂದರು. ಮೊದಲ ದಿನದ ಗಲಾಟೆ, ಅಳು, ಅಮ್ಮಂದಿರ ಸೆರಗು ಬಿಡದ ಕೈಗಳು. ಹೆಡ್ ಮಿಸ್ ಪದ್ಧತಿಯಂತೆ ಬಾಗಿಲಲ್ಲಿ ನಿಂತು, ಒಳಗೆ ಬರುವ ಒಂದೊಂದು ಮಗುವಿನ ತಲೆ ಮುಟ್ಟಿ ಎಣಿಸಿ ಕಳಿಸುತ್ತಿದ್ದರು. ನಾನು ಒಳಗೆ ಚಾಪೆ ಹಾಸುತ್ತಿದ್ದೆ. ಮೊದಲ ಮಗು ಹೊಸ್ತಿಲು ದಾಟಿತು. ಹೆಡ್ ಮಿಸ್ ಅದರ ತಲೆಯ ಮೇಲೆ ಕೈಯಿಟ್ಟರು. ನನ್ನ ಕಡೆ ನೋಡದೆ, ಆದರೆ ನನಗೆ ಕೇಳುವಂತೆ, "ಲಾಭ" ಎಂದರು.